ತಲೆಗೆ ಸ್ಕ್ಯಾನ್ ಬರೆದಿದ್ದಾರೆ, ಈಗ ಏನು ಮಾಡಬೇಕು? ಕೋಲಾರ ಜಿಲ್ಲೆಯವರಿಗೊಂದು ಮಾರ್ಗದರ್ಶಿ

ಚೀಟಿಯಲ್ಲಿ ‘ಎಂಆರ್‌ಐ ಬ್ರೈನ್ ವಿತ್ ಕಾಂಟ್ರಾಸ್ಟ್’ (ಚಿತ್ರ ಸ್ಪಷ್ಟವಾಗಲು ನರಕ್ಕೆ ಔಷಧ ಹಾಕಿ ತೆಗೆಯುವ ಮೆದುಳಿನ ಸ್ಕ್ಯಾನ್) ಅಂತ ಕಂಡ ತಕ್ಷಣ ಮನೆಯಲ್ಲಿ ಎರಡು ಕೆಲಸ ಶುರುವಾಗುತ್ತವೆ. ಒಬ್ಬರು ಎಲ್ಲಿ ರೇಟು ಕಮ್ಮಿ ಅಂತ ನಾಲ್ಕು ಕಡೆ ಫೋನ್ ಮಾಡುತ್ತಾರೆ. ಇನ್ನೊಬ್ಬರು ಮೊಬೈಲ್‌ನಲ್ಲಿ ಬ್ರೈನ್ ಟ್ಯೂಮರ್ ಅಂತ ಹುಡುಕಿ, ಓದಬಾರದ್ದನ್ನೆಲ್ಲ ಓದಿ, ನಿದ್ದೆ ಕೆಡಿಸಿಕೊಳ್ಳುತ್ತಾರೆ. ಮಾಡಬೇಕಾದ ತಯಾರಿ ಮಾತ್ರ ಹಾಗೇ ಉಳಿದುಹೋಗುತ್ತದೆ.

ನಾನು ಡಾಕ್ಟರ್ ಅಲ್ಲ. ಸ್ಕ್ಯಾನಿಂಗ್ ರೂಮಿನಲ್ಲಿ ಮೆಷಿನ್ ನಡೆಸುವ ಟೆಕ್ನಿಷಿಯನ್. ಮುಳಬಾಗಿಲು, ಶ್ರೀನಿವಾಸಪುರ, ಬಂಗಾರಪೇಟೆ, ಕೆಜಿಎಫ್, ಮಾಲೂರು ಕಡೆಯವರನ್ನು ದಿನಾ ಆ ಟೇಬಲ್ ಮೇಲೆ ಮಲಗಿಸುತ್ತೇನೆ. ನೋಡಿ ನೋಡಿ ನನಗೆ ಖಾತ್ರಿಯಾಗಿರುವುದು ಒಂದೇ: ಸ್ಕ್ಯಾನ್ ಕೇಳಿದ್ದಕ್ಕೆ ಮಾತ್ರ ಉತ್ತರ ಹೇಳುತ್ತದೆ. ಏನು ಕೇಳಬೇಕು ಅನ್ನೋದು ರೋಗಿಯ ಬಾಯಿಂದ, ಮನೆಯವರ ಬಾಯಿಂದ ಬರಬೇಕು. ಅದು ತಪ್ಪಿದರೆ ಎಷ್ಟು ದೊಡ್ಡ ಮೆಷಿನ್ ಇದ್ದರೂ ದುಡ್ಡು ದಂಡ.

ಯಾವ ತಲೆನೋವಿಗೆ ಸ್ಕ್ಯಾನ್ ಬೇಕು

ತಲೆನೋವು ಯಾರಿಗೆ ಬರಲ್ಲ ಹೇಳಿ. ತಲೆನೋವು ಅಂತ ಬರುವವರಲ್ಲಿ ಮೆದುಳಲ್ಲಿ ಗಡ್ಡೆ (ಟ್ಯೂಮರ್) ಇರುವವರು ತೀರಾ ಕಡಿಮೆ. ಬಹಳಷ್ಟು ಜನಕ್ಕೆ ಮೈಗ್ರೇನ್ ಇರುತ್ತದೆ, ಇಲ್ಲವೇ ಕುತ್ತಿಗೆ ಬಿಗಿತ, ನಿದ್ದೆಗೇಡು, ಕನ್ನಡಕದ ನಂಬರ್ ತೊಂದರೆ. ಹಾಗಾಗಿ ‘ಸುಮ್ನೆ ಒಂದು ಸ್ಕ್ಯಾನ್ ಮಾಡಿಸಿಬಿಡೋಣ’ ಅಂತ ನೀವೇ ಸೆಂಟರ್‌ಗೆ ಬರಬೇಡಿ.

ಆದರೆ ಕೆಲವನ್ನು ತಡ ಮಾಡಬಾರದು. ಮೊದಲು ಇಲ್ಲದ ತಲೆನೋವು ಹೊಸದಾಗಿ ಶುರುವಾಗಿ ವಾರದಿಂದ ವಾರಕ್ಕೆ ಜಾಸ್ತಿಯಾಗುವುದು. ಬೆಳಗ್ಗೆ ಏಳುವಾಗಲೇ ನೋವು, ಜೊತೆಗೆ ವಾಂತಿ. ದೊಡ್ಡವರಿಗೆ ಜೀವನದಲ್ಲಿ ಮೊದಲ ಸಲ ಫಿಟ್ಸ್ ಬರುವುದು. ಒಂದು ಕಡೆಯ ಕೈ ಕಾಲು ನಿಧಾನವಾಗಿ ಬಲ ಕಳೆದುಕೊಳ್ಳುವುದು. ಎರಡೆರಡು ಕಾಣಿಸುವುದು, ಪಕ್ಕದ ನೋಟ ಮಸುಕಾಗುವುದು. ಒಂದೇ ಕಿವಿ ಮಂದವಾಗುತ್ತಾ ಬರುವುದು. ಮಾತು ತಡವರಿಸುವುದು. ಮನೆಯವರಿಗೆ ಮಾತ್ರ ಗೊತ್ತಾಗುವ ಇನ್ನೊಂದಿದೆ: ಅಂಗಡಿ ಲೆಕ್ಕ ಕರಾರುವಾಕ್ಕಾಗಿ ಇಡುತ್ತಿದ್ದ ಮನುಷ್ಯ ಲೆಕ್ಕ ತಪ್ಪುವುದು, ಸಿಡುಕುವುದು, ಸ್ನಾನಕ್ಕೂ ಏಳದೆ ಕೂರುವುದು. ಮೆದುಳಿನ ಮುಂಭಾಗದಲ್ಲಿ ಗಡ್ಡೆ ಇದ್ದರೆ ಬಹಳ ಸಲ ಮೊದಲು ಬದಲಾಗುವುದು ಸ್ವಭಾವವೇ. ಎಷ್ಟೋ ಮನೆಗಳಲ್ಲಿ ಇದನ್ನು ‘ಟೆನ್ಷನ್’ ಅಂತ ತಿಂಗಳುಗಟ್ಟಲೆ ತಳ್ಳಿಬಿಡುತ್ತಾರೆ.

ಮಕ್ಕಳಲ್ಲಿ ಬೇರೆ. ಅವರಿಗೆ ಗಡ್ಡೆ ಹೆಚ್ಚಾಗಿ ಮೆದುಳಿನ ಹಿಂಭಾಗದಲ್ಲಿ, ಕೆಳಗಡೆ ಬರುತ್ತದೆ. ಬೆಳಗಿನ ವಾಂತಿ, ನಡೆಯುವಾಗ ತೂರಾಟ, ತಲೆ ಒಂದು ಕಡೆಗೆ ವಾಲಿಸಿಕೊಂಡು ಕೂರುವುದು, ಇವು ಒಟ್ಟಿಗೆ ಕಂಡರೆ ಹೊಟ್ಟೆಯ ತೊಂದರೆ ಅಂತ ಸಿರಪ್ ಕೊಡುತ್ತಾ ಕೂರಬೇಡಿ.

ಎಲ್ಲಿಂದ ಶುರು ಮಾಡಬೇಕು

ಕೋಲಾರದಲ್ಲಿ ಎಸ್‌ಎನ್‌ಆರ್ ಜಿಲ್ಲಾ ಆಸ್ಪತ್ರೆ ಇದೆ. ಟಮಕದಲ್ಲಿ ದೇವರಾಜ ಅರಸು ಮೆಡಿಕಲ್ ಕಾಲೇಜಿನ ಆರ್‌ಎಲ್ ಜಾಲಪ್ಪ ಆಸ್ಪತ್ರೆ ಇದೆ. ನಿಮ್ಹಾನ್ಸ್ ಜೊತೆ ಸೇರಿ ಸರ್ಕಾರ 2022ರಲ್ಲಿ ಶುರು ಮಾಡಿದ ಕರ್ನಾಟಕ ಮೆದುಳು ಆರೋಗ್ಯ ಕಾರ್ಯಕ್ರಮ ಮೊದಲು ಪ್ರಯೋಗವಾದ ಜಿಲ್ಲೆಗಳಲ್ಲಿ ನಮ್ಮದೂ ಒಂದು. ಜಿಲ್ಲಾ ಆಸ್ಪತ್ರೆಯಲ್ಲಿ ಬ್ರೈನ್ ಕ್ಲಿನಿಕ್ ಅಂತ ಕೇಳಿ. ತಲೆನೋವು, ಫಿಟ್ಸ್, ಲಕ್ವ, ಮರೆವು ಇವನ್ನು ಅಲ್ಲಿ ನೋಡುತ್ತಾರೆ. ಬೆಂಗಳೂರಿಗೆ ಓಡುವ ಮುಂಚೆ ಇಲ್ಲಿ ತೋರಿಸಿಕೊಂಡರೆ ಮುಂದೆ ಬೇಕಾಗುವ ರೆಫರಲ್ ಚೀಟಿಯೂ ಕೈಗೆ ಬರುತ್ತದೆ.

ಡಾಕ್ಟರ್ ಕಣ್ಣಿಗೆ ಬೆಳಕು ಬಿಟ್ಟು ಒಳಗೆ ನೋಡಿದರೆ ‘ತಲೆನೋವು ಅಂದ್ರೆ ಕಣ್ಣು ನೋಡ್ತಾರಲ್ಲ’ ಅಂದುಕೊಳ್ಳಬೇಡಿ. ತಲೆಯೊಳಗೆ ಒತ್ತಡ ಏರಿದ್ದರೆ ಕಣ್ಣಿನ ಹಿಂದಿನ ನರದ ತುದಿ ಊದಿಕೊಳ್ಳುತ್ತದೆ. ಖರ್ಚಿಲ್ಲದ ಈ ಒಂದು ನಿಮಿಷದ ಪರೀಕ್ಷೆಯೇ ಎಷ್ಟೋ ಸಲ ಸ್ಕ್ಯಾನ್ ಇವತ್ತೇ ಬೇಕಾ, ಮುಂದಿನ ವಾರ ಆದರೆ ಸಾಕಾ ಅಂತ ತೀರ್ಮಾನ ಮಾಡುತ್ತದೆ.

ಫಿಟ್ಸ್ ನಿಲ್ಲದೆ ಬರುತ್ತಿದ್ದರೆ, ಪ್ರಜ್ಞೆ ತಪ್ಪುತ್ತಿದ್ದರೆ ಒಪಿಡಿ ಕ್ಯೂ ಬೇಡ, ನೇರ ಕ್ಯಾಶುವಾಲ್ಟಿಗೆ ಹೋಗಿ. ಫಿಟ್ಸ್ ಬಂದಾಗ ಕೈಗೆ ಕಬ್ಬಿಣ ಕೊಡೋದು, ಈರುಳ್ಳಿ ಮೂಸಿಸೋದು ಬಿಡಿ. ಮಗ್ಗುಲಿಗೆ ತಿರುಗಿಸಿ ಮಲಗಿಸಿ, ಬಾಯೊಳಗೆ ಏನೂ ತುರುಕಬೇಡಿ. ಪಕ್ಕದಲ್ಲಿ ಇನ್ನೊಬ್ಬರಿದ್ದರೆ ಮೊಬೈಲ್‌ನಲ್ಲಿ ವಿಡಿಯೋ ಮಾಡಲಿ. ಮೊದಲು ಯಾವ ಕೈ ಜಗ್ಗಿತು, ಕುತ್ತಿಗೆ ಯಾವ ಕಡೆ ತಿರುಗಿತು ಅನ್ನೋದು ಮೆದುಳಿನ ಯಾವ ಭಾಗ ನೋಡಬೇಕು ಅಂತ ಹೇಳುತ್ತದೆ.

ಸಿಟಿನಾ, ಎಂಆರ್‌ಐನಾ

ಸಿಟಿ ಸ್ಕ್ಯಾನ್ ಎಕ್ಸ್‌ರೇಯಿಂದಲೇ ನಡೆಯುತ್ತದೆ. ತಲೆಯ ಸುತ್ತ ಟ್ಯೂಬು ತಿರುಗುತ್ತದೆ, ಕಂಪ್ಯೂಟರ್ ಅದನ್ನು ತೆಳು ಹೋಳುಗಳ ಚಿತ್ರ ಮಾಡುತ್ತದೆ. ಒಂದೆರಡು ನಿಮಿಷದ ಕೆಲಸ. ಲಂಡನ್ನಿನ ಅಟ್ಕಿನ್ಸನ್ ಮೋರ್ಲಿ ಆಸ್ಪತ್ರೆಯಲ್ಲಿ 1971ರ ಅಕ್ಟೋಬರ್ 1ರಂದು ಮೊದಲ ಸಲ ರೋಗಿಯೊಬ್ಬರ ಸಿಟಿ ತೆಗೆದಾಗ ಹುಡುಕಿದ್ದೂ ಮೆದುಳಿನ ಗಡ್ಡೆಯನ್ನೇ. ಆ ಮೆಷಿನ್ ಕಟ್ಟಿದ ಗಾಡ್‌ಫ್ರೇ ಹೌನ್ಸ್‌ಫೀಲ್ಡ್ ಡಾಕ್ಟರ್ ಅಲ್ಲ, ಇಂಜಿನಿಯರ್. 1979ರಲ್ಲಿ ಭೌತವಿಜ್ಞಾನಿ ಆಲನ್ ಕಾರ್ಮಾಕ್ ಜೊತೆ ನೊಬೆಲ್ ಬಂತು. ಸಿಟಿ ಬರುವ ಮುಂಚೆ ಬೆನ್ನಿನಿಂದ ಗಾಳಿ ತುಂಬಿಸಿ ತಲೆಯ ಎಕ್ಸ್‌ರೇ ತೆಗೆಯುತ್ತಿದ್ದರು. ರೋಗಿಗಳು ದಿನಗಟ್ಟಲೆ ನರಳುತ್ತಿದ್ದರು.

ತುರ್ತಿನಲ್ಲಿ ಸಿಟಿಯೇ ಸರಿ. ರಕ್ತಸ್ರಾವ, ದೊಡ್ಡ ಗಡ್ಡೆ, ನೀರು ಕಟ್ಟಿಕೊಂಡಿರುವುದು, ಕ್ಯಾಲ್ಸಿಯಂ ಕಟ್ಟಿದ ಕಲೆ ಇವು ಅದರಲ್ಲಿ ಕಾಣುತ್ತವೆ. ಆದರೆ ಚಿಕ್ಕ ಗಡ್ಡೆ, ಅದರಲ್ಲೂ ಮೆದುಳಿನ ಹಿಂಭಾಗದ್ದು, ಮೂಳೆಯ ನೆರಳಲ್ಲಿ ತಪ್ಪಿಹೋಗಬಹುದು. ‘ಸಿಟಿ ನಾರ್ಮಲ್ ಬಂತು, ಮತ್ಯಾಕೆ ಎಂಆರ್‌ಐ’ ಅಂತ ಜಗಳ ಆಡುವವರು ಇದನ್ನು ಗಮನಿಸಿ. ತಲೆಯ ಒಂದು ಸಿಟಿಗೆ ಸುಮಾರು 2 ಮಿಲಿಸೀವರ್ಟ್ ವಿಕಿರಣ. ನೆಲ, ಗಾಳಿ, ಆಕಾಶದಿಂದ ವರ್ಷಕ್ಕೆ ನಮಗೆ ತಾನಾಗೇ ಬೀಳುವುದೂ ಹೆಚ್ಚು ಕಡಿಮೆ ಅಷ್ಟೇ. ಹೆದರಬೇಕಾಗಿಲ್ಲ, ಹಾಗಂತ ಸುಮ್ಮಸುಮ್ನೆ ಮಾಡಿಸಲೂಬಾರದು.

ಎಂಆರ್‌ಐಯಲ್ಲಿ ಎಕ್ಸ್‌ರೇ ಇಲ್ಲವೇ ಇಲ್ಲ. ದೊಡ್ಡ ಅಯಸ್ಕಾಂತ, ರೇಡಿಯೋ ಅಲೆ, ಅಷ್ಟೇ. ಗಡ್ಡೆ ಎಲ್ಲಿದೆ, ಎಷ್ಟು ಹರಡಿದೆ, ಸುತ್ತ ಎಷ್ಟು ಊತ, ಯಾವ ಜಾತಿಯದ್ದಿರಬಹುದು ಅಂತ ಹೇಳಲು ಇದೇ ಮುಖ್ಯ. ‘1.5 ಟೆಸ್ಲಾ ಇದೆಯಾ, 3 ಟೆಸ್ಲಾ ಇದೆಯಾ’ (ಟೆಸ್ಲಾ ಅಂದರೆ ಅಯಸ್ಕಾಂತದ ಬಲದ ಅಳತೆ) ಅಂತ ಕೇಳಿಕೊಂಡು ಬರುವವರೂ ಇದ್ದಾರೆ. ನನ್ನನ್ನು ಕೇಳಿದರೆ, ಸರಿಯಾಗಿ ಬರೆದ ಚೀಟಿ ಹಿಡಿದು 1.5ಕ್ಕೆ ಬಂದವರಿಗೆ ಸಿಗುವಷ್ಟು ಉತ್ತರ ಖಾಲಿ ಚೀಟಿ ಹಿಡಿದು 3ಕ್ಕೆ ಹೋದವರಿಗೆ ಸಿಗುವುದಿಲ್ಲ.

ಪೆಟ್ ಸ್ಕ್ಯಾನ್ ಬಗ್ಗೆಯೂ ಕೇಳುತ್ತಾರೆ. ಮಾಮೂಲಿ ಪೆಟ್‌ನಲ್ಲಿ ಸಕ್ಕರೆಯಂಥ ಔಷಧ ಕೊಡುತ್ತಾರೆ, ಅದನ್ನು ಜಾಸ್ತಿ ಎಳೆದುಕೊಂಡ ಜಾಗ ಚಿತ್ರದಲ್ಲಿ ಹೊಳೆಯುತ್ತದೆ. ಮೆದುಳು ಮೊದಲೇ ಸಕ್ಕರೆ ಜಾಸ್ತಿ ಎಳೆಯುವ ಅಂಗ, ಹಾಗಾಗಿ ಇಡೀ ಮೆದುಳೇ ಹೊಳೆದು ಗಡ್ಡೆ ಅದರೊಳಗೆ ಕಳೆದುಹೋಗಬಹುದು. ಅದನ್ನು ಮೊದಲ ಹೆಜ್ಜೆಯಲ್ಲಿ ಯಾರೂ ಬರೆಯುವುದಿಲ್ಲ.

ಚೀಟಿಯಲ್ಲಿ ಏನಿರಬೇಕು

ಇಲ್ಲಿ ಸ್ವಲ್ಪ ನಿಧಾನವಾಗಿ ಓದಿ. ‘ತಲೆನೋವು, ಎಂಆರ್‌ಐ ಬ್ರೈನ್’ ಅಂತಷ್ಟೇ ಚೀಟಿ ಬಂದರೆ ನಾವು ಮಾಮೂಲಿ ಪ್ರೋಟೋಕಾಲ್ (ಚಿತ್ರ ತೆಗೆಯುವ ಕ್ರಮ) ಹಾಕುತ್ತೇವೆ. ಅದರಲ್ಲಿ ಒಂದೊಂದು ಹೋಳು ಸುಮಾರು 5 ಮಿಲಿಮೀಟರ್ ದಪ್ಪ. ಮುಟ್ಟು ನಿಂತು, ಹಾಲು ಕುಡಿಸದಿದ್ದರೂ ಎದೆಯಲ್ಲಿ ಹಾಲು ಬರುತ್ತಿರುವ ಹೆಣ್ಣುಮಗಳಿಗೆ ಮೆದುಳಿನ ಬುಡದಲ್ಲಿರುವ ಪಿಟ್ಯುಟರಿ ಗ್ರಂಥಿಯಲ್ಲಿ 4 ಮಿಲಿಮೀಟರಿನ ಗಡ್ಡೆ ಇದ್ದರೆ ಆ ದಪ್ಪ ಹೋಳುಗಳ ನಡುವೆ ಅದು ಸಿಗದೇ ಹೋಗಬಹುದು. ಆಕೆ ನಾಚಿಕೆಯಿಂದ ಬರೀ ತಲೆನೋವು ಅಂತ ಹೇಳಿರುತ್ತಾಳೆ. ಡಾಕ್ಟರ್ ಅಷ್ಟೇ ಬರೆದಿರುತ್ತಾರೆ. ಅದೇ ‘ಪಿಟ್ಯುಟರಿ’ ಅಂತ ಚೀಟಿಯಲ್ಲಿದ್ದರೆ ತೆಳು ಹೋಳು ತೆಗೆಯುತ್ತೇವೆ, ಔಷಧ ಹೋಗುತ್ತಿರುವಾಗಲೇ ಒಂದಾದ ಮೇಲೊಂದು ಚಿತ್ರ ಹಿಡಿಯುತ್ತೇವೆ.

ಒಂದು ಕಿವಿ ಮಂದ ಅಂದರೆ ಕಿವಿಯ ನರ ಹಾದುಹೋಗುವ ಮೂಳೆಯ ಕೊಳವೆಗೆ ಬೇರೆ ತೆಳು ಹೋಳು. ಫಿಟ್ಸ್ ಅಂದರೆ ಅದಕ್ಕೇ ಬೇರೆ ಪ್ರೋಟೋಕಾಲ್. ಎಲ್ಲವೂ ಚೀಟಿಯ ಆ ಒಂದು ಸಾಲಿನಿಂದಲೇ.

ಹಾಗಾಗಿ ಡಾಕ್ಟರ್ ಮುಂದೆ ಕೂತಾಗ ಹೇಳಿ: ತೊಂದರೆ ಯಾವ ತಿಂಗಳು ಶುರುವಾಯಿತು, ಯಾವ ಕಡೆ, ಜಾಸ್ತಿಯಾಗುತ್ತಿದೆಯಾ. ಹಿಂದೆ ಟಿಬಿ ಆಗಿತ್ತಾ. ಎದೆ, ಶ್ವಾಸಕೋಶ, ಕಿಡ್ನಿ, ಎಲ್ಲಿಯಾದರೂ ಕ್ಯಾನ್ಸರ್‌ಗೆ ಚಿಕಿತ್ಸೆ ಆಗಿದೆಯಾ. ಇದನ್ನು ಮುಚ್ಚಿಡುವವರು ಬಹಳ. ದೊಡ್ಡವರ ಮೆದುಳಲ್ಲಿ ಸಿಗುವ ಗಡ್ಡೆಗಳಲ್ಲಿ ಬೇರೆ ಕಡೆಯ ಕ್ಯಾನ್ಸರ್ ಹರಡಿ ಬಂದದ್ದೇ ಹೆಚ್ಚು. ಐದು ವರ್ಷದ ಹಿಂದಿನ ಸ್ತನದ ಆಪರೇಷನ್ ವಿಷಯ ಹೇಳದಿದ್ದರೆ ರಿಪೋರ್ಟ್ ಬರೆಯುವ ಡಾಕ್ಟರ್ ಬೇರೆಯದೇ ದಾರಿ ಹಿಡಿಯಬಹುದು.

ಹಳೇ ಸ್ಕ್ಯಾನ್ ಇದ್ದರೆ ಹುಡುಕಿ ತನ್ನಿ. ಮೂರು ವರ್ಷದಿಂದ ಅಷ್ಟೇ ಇರುವ ಕಲೆಗೂ ಮೂರು ತಿಂಗಳಲ್ಲಿ ಎರಡರಷ್ಟಾದ ಕಲೆಗೂ ವ್ಯತ್ಯಾಸ ಇಲ್ವಾ?

ಸ್ಕ್ಯಾನ್ ದಿನದ ತಯಾರಿ

ಬುಕ್ ಮಾಡುವಾಗಲೇ ಕೇಳಿ: ಕಾಂಟ್ರಾಸ್ಟ್ ಸೇರಿ ಎಷ್ಟು? ಫೋನಿನಲ್ಲಿ ಹೇಳುವ ರೇಟು ಬಹಳ ಸಲ ಇಂಜೆಕ್ಷನ್ ಬಿಟ್ಟಿದ್ದು. ಕಿಡ್ನಿ ಹೇಗಿದೆ ಅಂತ ತಿಳಿಸುವ ಕ್ರಿಯಾಟಿನಿನ್ ರಿಪೋರ್ಟ್ ಬೇಕಾ ಅಂತಲೂ ಕೇಳಿ. ಸಕ್ಕರೆ ಕಾಯಿಲೆ, ಬಿಪಿ, ಕಿಡ್ನಿ ತೊಂದರೆ ಇರುವವರು ಆ ರಕ್ತಪರೀಕ್ಷೆ ಮೊದಲೇ ಮಾಡಿಸಿಕೊಂಡು ಬಂದರೆ ಒಂದು ದಿನ ಉಳಿಯುತ್ತದೆ. ಎಂಆರ್‌ಐಗೆ ಕೊಡುವ ಕಾಂಟ್ರಾಸ್ಟ್ ಗ್ಯಾಡೋಲಿನಿಯಂ ಅನ್ನುವ ಲೋಹದ್ದು. 60 ಕೆಜಿ ತೂಕದವರಿಗೆ ಸುಮಾರು 12 ಎಂಎಲ್ ಕೈಯ ನರಕ್ಕೆ ಹಾಕುತ್ತಾರೆ. ಕಿಡ್ನಿ ಸರಿಯಿದ್ದರೆ ಮೂತ್ರದಲ್ಲಿ ಹೋಗಿಬಿಡುತ್ತದೆ. ಇಜಿಎಫ್‌ಆರ್ (ಕಿಡ್ನಿ ಸೋಸುವ ಶಕ್ತಿಯ ಅಳತೆ) 30ಕ್ಕಿಂತ ಕೆಳಗಿದ್ದರೆ ಡಾಕ್ಟರ್ ಎರಡು ಸಲ ಯೋಚನೆ ಮಾಡುತ್ತಾರೆ. ಬಸುರಿಯಾಗಿದ್ದರೆ, ಅನುಮಾನ ಇದ್ದರೂ ಸರಿ, ಮೊದಲೇ ಹೇಳಿ. ಸಿಟಿಗೆ ಕೊಡುವುದು ಅಯೋಡಿನ್ ಇರುವ ಬೇರೆ ಔಷಧ. ಮೆಟ್‌ಫಾರ್ಮಿನ್ ಅನ್ನುವ ಸಕ್ಕರೆ ಕಾಯಿಲೆಯ ಮಾತ್ರೆ ತಗೊಳ್ಳುವವರು ಅದರ ಮುಂಚೆ ಡಾಕ್ಟರನ್ನು ಕೇಳಬೇಕು. ಫಿಟ್ಸ್ ಮಾತ್ರೆಯನ್ನಂತೂ ಯಾವ ಸ್ಕ್ಯಾನಿಗೂ ತಪ್ಪಿಸಬೇಡಿ.

ಲೋಹದ ವಿಷಯ. 1.5 ಟೆಸ್ಲಾ ಅಂದರೆ ಭೂಮಿಯ ಅಯಸ್ಕಾಂತ ಶಕ್ತಿಗಿಂತ ಸುಮಾರು 30,000 ಪಟ್ಟು. ಮೆಷಿನ್ ಆಫ್ ಇದ್ದ ಹಾಗೆ ಕಂಡರೂ ಅಯಸ್ಕಾಂತ ಹಗಲೂ ರಾತ್ರಿ ಆನ್. ಆಕ್ಸಿಜನ್ ಸಿಲಿಂಡರ್, ವೀಲ್‌ಚೇರ್ ಹಾರಿಹೋಗಿ ಬಡಿಯುತ್ತವೆ. ಬಾಗಿಲಲ್ಲಿ ತಡೆದು ನಿಲ್ಲಿಸಿದರೆ ಬೈದುಕೊಳ್ಳಬೇಡಿ.

ನಮ್ಮ ಕಡೆಯವರ ಮೈಮೇಲೆ ಸಿಗುವುದನ್ನು ಹೇಳುತ್ತೇನೆ. ಉಡಿದಾರ. ಸೊಂಟದ ತಾಯಿತ. ಬ್ಲೌಸಿನ ಒಳಗೆ ಸಿಕ್ಕಿಸಿದ ಎರಡು ಪಿನ್ನು, ಸೀರೆ ನೆರಿಗೆಗೆ ಮತ್ತೊಂದು. ಜಡೆಯಲ್ಲಿ ಕಪ್ಪು ಕ್ಲಿಪ್ಪು. ಕಾಲುಂಗುರ. ಪಂಚೆ ಕಟ್ಟಿದ ಬೆಲ್ಟಿನಲ್ಲಿ ಬೀಗದ ಕೈ. ಕಟ್ಟಿಸಿದ ಹಲ್ಲು. ಮೂಗುಬಟ್ಟು ತಿರುಪು ಬಿಗಿದು ಇಪ್ಪತ್ತು ವರ್ಷ ಆಗಿರುತ್ತದೆ, ಅದನ್ನು ನಮ್ಮ ರೂಮಿನ ಮುಂದೆ ತೆಗೆಯಲು ಅರ್ಧ ಗಂಟೆ ಬೇಕು. ಮನೆಯಲ್ಲೇ ಎಣ್ಣೆ ಹಚ್ಚಿ ಸಡಿಲ ಮಾಡಿಕೊಂಡು ಬನ್ನಿ.

ತಾಳಿ ತೆಗೆಯಲು ಅಜ್ಜಿಯರು ಒಪ್ಪುವುದಿಲ್ಲ. ‘ಚಿನ್ನಕ್ಕೆ ಅಯಸ್ಕಾಂತ ಹಿಡಿಯಲ್ಲ ಕಣಪ್ಪ’ ಅಂತ ನನಗೇ ಪಾಠ ಹೇಳುತ್ತಾರೆ. ಮಾತು ನಿಜವೇ. ಆದರೆ ಕೊಂಡಿಯಲ್ಲಿ ಬೇರೆ ಲೋಹ ಇರಬಹುದು, ಬಿಸಿಯಾಗಬಹುದು, ಚಿತ್ರವೂ ಕೆಡುತ್ತದೆ. ಅವರ ಸೊಸೆ ಬುದ್ಧಿವಂತೆಯಾದರೆ ಅರಿಶಿನದ ಕೊಂಬು ಕಟ್ಟಿದ ದಾರ ತಂದಿರುತ್ತಾಳೆ. ‘ಅತ್ತೆ, ಇದನ್ನ ಹಾಕ್ಕೊಳ್ಳಿ, ಅದನ್ನ ನನ್ನ ಕೈಗೆ ಕೊಡಿ’ ಅಂದರೆ ಮುಗಿಯಿತು, ಎರಡು ನಿಮಿಷದಲ್ಲಿ ಟೇಬಲ್ ಮೇಲೆ. ನೀವೂ ಒಂದು ತನ್ನಿ.

ಮೈಯೊಳಗಿನ ಲೋಹ ಇನ್ನೂ ಮುಖ್ಯ. ಪೇಸ್‌ಮೇಕರ್, ಕಿವಿಯೊಳಗೆ ಕೂರಿಸಿದ ಯಂತ್ರ, ಮೆದುಳಿನ ರಕ್ತನಾಳಕ್ಕೆ ಹಾಕಿದ ಹಳೇ ಕ್ಲಿಪ್ ಇದ್ದರೆ ಅದರ ಕಾರ್ಡ್ ತೋರಿಸದೆ ಒಳಗೆ ಬಿಡುವುದಿಲ್ಲ. ಹೃದಯದ ಸ್ಟೆಂಟ್, ಟೈಟಾನಿಯಂ ರಾಡು, ಕಾಪರ್ ಟಿ ಇವಕ್ಕೆ ಸಾಮಾನ್ಯವಾಗಿ ತೊಂದರೆ ಇಲ್ಲ, ಆದರೂ ಹೇಳಿ. ವೇಮಗಲ್, ನರಸಾಪುರ, ಮಾಲೂರಿನ ಫ್ಯಾಕ್ಟರಿಗಳಲ್ಲಿ ವೆಲ್ಡಿಂಗ್, ಗ್ರೈಂಡಿಂಗ್ ಮಾಡುವ ಹುಡುಗರು ಕಣ್ಣಿಗೆ ಎಂದಾದರೂ ಕಬ್ಬಿಣದ ಚೂರು ಸಿಡಿದಿದ್ದರೆ ಮರೆಯದೆ ಹೇಳಬೇಕು. ಮೊದಲು ಕಣ್ಣಿನ ಎಕ್ಸ್‌ರೇ ತೆಗೆದು ನೋಡುತ್ತಾರೆ. ಆ ಚೂರು ಅಯಸ್ಕಾಂತದಲ್ಲಿ ಅಲುಗಿದರೆ ಕಣ್ಣೇ ಹೋಗಬಹುದು.

ಒಳಗೆ ಏನಾಗುತ್ತದೆ

ಮಲಗಿಸಿ, ತಲೆಗೆ ಜಾಲರಿಯಂಥ ಕಾಯಿಲ್ ಹಾಕಿ, ತೊಂದರೆಯಾದರೆ ಒತ್ತಿ ನಮ್ಮನ್ನು ಕರೆಯಲು ಕೈಗೆ ಒಂದು ರಬ್ಬರ್ ಬಲ್ಬ್ ಕೊಡುತ್ತೇವೆ. 20ರಿಂದ 45 ನಿಮಿಷ. ಮೆಷಿನ್ ಶುರುವಾದರೆ ಬೋರ್‌ವೆಲ್ ಕೊರೆಯುವ ಗಾಡಿ ಪಕ್ಕ ಮಲಗಿದ ಹಾಗಿರುತ್ತದೆ. ಕಿವಿಗೆ ಹತ್ತಿ ಅಥವಾ ಹೆಡ್‌ಫೋನ್ ಕೊಡುತ್ತಾರೆ, ಕೊಡದಿದ್ದರೆ ಕೇಳಿ. ನೋವಿಲ್ಲ. ಅಲುಗಾಡಿದರೆ ಚಿತ್ರ ಕೆಡುತ್ತದೆ, ಆ ಸುತ್ತು ಮತ್ತೆ ಮೊದಲಿಂದ.

ಇಕ್ಕಟ್ಟಿನ ಭಯ ಇರುವವರು ಒಳಗೆ ಹೋಗುವ ಮುಂಚೆಯೇ ಕಣ್ಣು ಮುಚ್ಚಿಬಿಡಿ, ಒಳಗೆ ಹೋದ ಮೇಲೆ ಅಲ್ಲ. ಜೊತೆಗೊಬ್ಬರು ಲೋಹ ಎಲ್ಲ ತೆಗೆದಿಟ್ಟು ಒಳಗೆ ಕಾಲು ಹಿಡಿದುಕೊಂಡು ನಿಲ್ಲಬಹುದು. ಚಿಕ್ಕ ಮಕ್ಕಳಿಗೆ ನಿದ್ದೆ ಬರಿಸಬೇಕಾಗುತ್ತದೆ. ಎಷ್ಟು ಗಂಟೆ ಏನೂ ಕೊಡಬಾರದು ಅಂತ ಅರಿವಳಿಕೆ ಡಾಕ್ಟರ್ ಹೇಳಿದ್ದನ್ನು ಅಕ್ಷರಶಃ ಪಾಲಿಸಿ. ‘ಮಗು ಅತ್ತಿತು, ಅದಕ್ಕೆ ಸ್ವಲ್ಪ ಹಾಲು ಕೊಟ್ಟೆ’ ಅಂದರೆ ಆ ದಿನದ ಸ್ಕ್ಯಾನ್ ರದ್ದು.

ಚಿತ್ರದಲ್ಲಿ ಏನು ನೋಡುತ್ತಾರೆ

ಒಂದೇ ತಲೆಯನ್ನು ನಾಲ್ಕಾರು ರೀತಿ ತೆಗೆಯುತ್ತೇವೆ. ಟಿ1 ಅನ್ನುವ ಚಿತ್ರದಲ್ಲಿ ನೀರು ಕಪ್ಪು. ಟಿ2ನಲ್ಲಿ ನೀರು ಬಿಳುಪು. ಫ್ಲೇರ್ ಅನ್ನುವುದರಲ್ಲಿ ಮೆದುಳಿನ ಮಾಮೂಲಿ ನೀರನ್ನು ಕಪ್ಪಾಗಿಸಿ ಊತದ ನೀರನ್ನು ಮಾತ್ರ ಬಿಳುಪಾಗಿ ಬಿಡುತ್ತೇವೆ. ಗಡ್ಡೆಯ ಸುತ್ತ ಎಷ್ಟು ದೂರ ಊದಿದೆ ಅಂತ ಇದರಲ್ಲೇ ಚೆನ್ನಾಗಿ ಕಾಣುವುದು. ಕೊನೆಗೆ ಕಾಂಟ್ರಾಸ್ಟ್ ಹಾಕಿ ಮತ್ತೊಮ್ಮೆ ಟಿ1. ಸರಿಯಿರುವ ಮೆದುಳಿನ ರಕ್ತನಾಳಗಳು ಆ ಔಷಧವನ್ನು ಹೊರಗೆ ಬಿಡುವುದಿಲ್ಲ. ಗಡ್ಡೆ, ಸೋಂಕು ಇರುವ ಕಡೆ ಆ ತಡೆ ಒಡೆದಿರುತ್ತದೆ, ಔಷಧ ಸೋರಿ ಆ ಜಾಗ ಹೊಳೆಯುತ್ತದೆ.

ಹೊಳೆಯುವ ರೀತಿಯೇ ಸುಳಿವು. ಮೆದುಳಿನ ಹೊರಗೆ, ಪೊರೆಗೆ ಅಂಟಿಕೊಂಡು, ಇಡಿಯಾಗಿ ಒಂದೇ ಸಮ ಹೊಳೆದರೆ ಮೆನಿಂಜಿಯೋಮಾ ಇರಬಹುದು. ಇದು ಬಹುತೇಕ ಕ್ಯಾನ್ಸರ್ ಅಲ್ಲದ, ನಿಧಾನವಾಗಿ ಬೆಳೆಯುವ ಜಾತಿ. ಒಳಗೆ ಸತ್ತ ಭಾಗ, ಸುತ್ತ ಏರುತಗ್ಗಿನ ದಪ್ಪ ಉಂಗುರ ಇದ್ದರೆ ಗ್ಲಿಯೋಬ್ಲಾಸ್ಟೋಮಾ ಅನ್ನುವ, ಬೇಗ ಬೆಳೆಯುವ ಮೆದುಳಿನ ಕ್ಯಾನ್ಸರ್ ಅನುಮಾನ. ಹಲವು ಕಡೆ ಚಿಕ್ಕ ಚಿಕ್ಕ ಗಡ್ಡೆ, ಸುತ್ತ ಅತಿಯಾದ ಊತ ಇದ್ದರೆ ಬೇರೆ ಕಡೆಯಿಂದ ಹರಡಿದ್ದು ಅಂತ ಎದೆ, ಹೊಟ್ಟೆ ಸ್ಕ್ಯಾನ್ ಬರೆಯುತ್ತಾರೆ. ಹೊಳೆಯದೇ ಇದ್ದರೆ ಏನೂ ಇಲ್ಲ ಅಂತ ಅಲ್ಲ, ಕಡಿಮೆ ಗ್ರೇಡಿನ, ಅಂದರೆ ನಿಧಾನವಾಗಿ ಬೆಳೆಯುವ ಗ್ಲಿಯೋಮಾ (ಮೆದುಳಿನೊಳಗೇ ಹುಟ್ಟುವ ಒಂದು ಜಾತಿಯ ಗಡ್ಡೆ) ಎಷ್ಟೋ ಸಲ ಹೊಳೆಯುವುದೇ ಇಲ್ಲ.

ಅನುಮಾನ ಉಳಿದರೆ ಸ್ಪೆಕ್ಟ್ರೋಸ್ಕೋಪಿ ಅಂತ ಮಾಡುತ್ತಾರೆ. ಆ ಜಾಗದ ರಾಸಾಯನಿಕಗಳ ಗೆರೆ ಬರುತ್ತದೆ. ಗಡ್ಡೆಯಲ್ಲಿ ಕೋಲಿನ್ ಗೆರೆ ಏರಿ, ಸರಿಯಾದ ನರಕೋಶಗಳ ಗುರುತಾದ ಎನ್‌ಎಎ ಗೆರೆ ಇಳಿದಿರುತ್ತದೆ. ಪರ್ಫ್ಯೂಷನ್‌ನಲ್ಲಿ ಗಡ್ಡೆ ಎಷ್ಟು ರಕ್ತ ಎಳೆಯುತ್ತಿದೆ ಅಂತ ನೋಡುತ್ತಾರೆ. ಡಿಫ್ಯೂಷನ್ ಚಿತ್ರ ಕೀವು ತುಂಬಿದ ಬಾವನ್ನು ಗಡ್ಡೆಯಿಂದ ಬೇರೆ ಮಾಡಿ ತೋರಿಸಲು ಒಳ್ಳೇದು.

ರಿಪೋರ್ಟ್ ಕೈಗೆ ಬಂದಾಗ

‘ಎಸ್‌ಒಎಲ್’ ಅಂತ ಇದ್ದರೆ ಜಾಗ ಹಿಡಿದಿರುವ ಏನೋ ಒಂದಿದೆ ಅಂತಷ್ಟೇ. ಕ್ಯಾನ್ಸರ್ ಅಂತ ಅಲ್ಲ. ‘ಮಾಸ್ ಎಫೆಕ್ಟ್’ ಅಂದರೆ ಅದು ಪಕ್ಕವನ್ನು ಒತ್ತುತ್ತಿದೆ. ‘ಮಿಡ್‌ಲೈನ್ ಶಿಫ್ಟ್’ ಅಂದರೆ ಮೆದುಳಿನ ನಡುಗೆರೆ ಸರಿದಿದೆ, 5 ಮಿಲಿಮೀಟರ್ ದಾಟಿದ್ದರೆ ಮನೆಗೆ ಹೋಗಿ ಯೋಚಿಸೋಣ ಅನ್ನಬೇಡಿ, ಅವತ್ತೇ ಡಾಕ್ಟರಿಗೆ ತೋರಿಸಿ. ‘ಹೈಡ್ರೋಕೆಫಲಸ್’, ಅಂದರೆ ನೀರು ಕಟ್ಟಿಕೊಂಡಿದೆ ಅಂತ ಇದ್ದರೂ ಹಾಗೇ. ‘ಏಜ್ ರಿಲೇಟೆಡ್ ಅಟ್ರೋಫಿ’, ‘ಸ್ಮಾಲ್ ವೆಸೆಲ್ ಇಸ್ಕೀಮಿಕ್ ಚೇಂಜಸ್’ ಅಂತ ವಯಸ್ಸಾದವರ ರಿಪೋರ್ಟಿನಲ್ಲಿ ಬಹಳ ಸಲ ಇರುತ್ತದೆ, ಅದಕ್ಕೂ ಗಡ್ಡೆಗೂ ಸಂಬಂಧ ಇಲ್ಲ. ಪ್ರಶ್ನೆ ಚಿಹ್ನೆ ಹಾಕಿ ಒಂದು ಹೆಸರು ಬರೆದಿದ್ದರೆ ಅದು ಅನುಮಾನ, ತೀರ್ಪಲ್ಲ.

ಜನ ಅತಿ ಹೆಚ್ಚು ಹೆದರುವುದು ‘ರಿಂಗ್ ಎನ್‌ಹ್ಯಾನ್ಸಿಂಗ್ ಲೀಶನ್’, ಅಂದರೆ ಉಂಗುರದಂತೆ ಹೊಳೆಯುವ ಕಲೆ, ಅನ್ನುವುದಕ್ಕೆ. ನಮ್ಮ ದೇಶದಲ್ಲಿ ಇದಕ್ಕೆ ಗಡ್ಡೆಗಿಂತ ಬೇರೆ ಕಾರಣಗಳೇ ಬಹಳ. ಹೊಸದಾಗಿ ಫಿಟ್ಸ್ ಬಂದ ಹುಡುಗನ ಸ್ಕ್ಯಾನಿನಲ್ಲಿ ಒಂದೇ ಒಂದು ಚಿಕ್ಕ ಉಂಗುರ ಕಂಡರೆ ಮೊದಲು ನೆನಪಾಗುವುದು ಲಾಡಿಹುಳುವಿನ ಮರಿ ಮೆದುಳಿಗೆ ಸೇರಿ ಆಗುವ ನ್ಯೂರೋಸಿಸ್ಟಿಸರ್ಕೋಸಿಸ್, ಆಮೇಲೆ ಟಿಬಿ ಗಂಟು. ಒಂದು ಕಾಲದಲ್ಲಿ ಇಂಥ ಉಂಗುರಗಳನ್ನೆಲ್ಲ ಟಿಬಿ ಅಂತಲೇ ತಿಳಿದು ತಿಂಗಳುಗಟ್ಟಲೆ ಮಾತ್ರೆ ಕೊಡುತ್ತಿದ್ದರು. ವೆಲ್ಲೂರಿನ ಸಿಎಂಸಿ ಆಸ್ಪತ್ರೆಯ ನ್ಯೂರೋಸರ್ಜನ್ ವೇದಾಂತಂ ರಾಜಶೇಖರ್ ಮತ್ತು ಜೊತೆಯವರು ಹುಳುವಿನ ಗಂಟನ್ನು ಗುರುತಿಸುವ ಲಕ್ಷಣಗಳನ್ನು ಕಟ್ಟಿಕೊಟ್ಟರು: ಒಂಟಿ ಉಂಗುರ, 20 ಮಿಲಿಮೀಟರಿಗಿಂತ ಚಿಕ್ಕದು, ನಡುಗೆರೆ ಸರಿಸುವಷ್ಟು ಊತ ಇಲ್ಲ. ಜೊತೆಗೆ ರೋಗಿಗೆ ತಲೆಯ ಒತ್ತಡ ಏರಿರಬಾರದು, ಕೈಕಾಲಿನ ಬಲ ದಿನೇದಿನೇ ಇಳಿಯುತ್ತಿರಬಾರದು. ಉಂಗುರದೊಳಗೆ ಹುಳುವಿನ ತಲೆಯ ಚುಕ್ಕಿ ಕಂಡರಂತೂ ಖಚಿತ. ಇದು ಔಷಧದಿಂದ ವಾಸಿಯಾಗುತ್ತದೆ, ಕೆಲವು ಸಲ ತಾನಾಗೇ ಮಾಯವಾಗುತ್ತದೆ.

‘ನಾವು ಮಾಂಸಾನೇ ಮುಟ್ಟಲ್ಲ, ನಮಗೆಲ್ಲಿಂದ ಹುಳು’ ಅಂತ ಕೇಳುತ್ತಾರೆ. ಮೊಟ್ಟೆಗಳು ಬರುವುದು ಲಾಡಿಹುಳು ಇರುವ ಮನುಷ್ಯನ ಮಲದಿಂದ. ಕೊಳಕು ನೀರು, ಸರಿಯಾಗಿ ತೊಳೆಯದ ಹಸಿ ತರಕಾರಿ, ತೊಳೆಯದ ಕೈ ಸಾಕು. ಹಾಗಂತ ಅಂಗಡಿಯಿಂದ ಹುಳುವಿನ ಮಾತ್ರೆ ತಂದು ನುಂಗಬೇಡಿ. ಮೆದುಳಿನಲ್ಲಿ ಹುಳು ಸಾಯುವಾಗ ಊತ ಏರಿ ಫಿಟ್ಸ್ ಜಾಸ್ತಿಯಾಗಬಹುದು. ಅದಕ್ಕೆ ಬೇರೆ ಔಷಧವನ್ನೂ ಜೊತೆಗೆ ಕೊಡಬೇಕು.

ಟಿಬಿ ಗಂಟಿಗೆ ಸ್ಪೆಕ್ಟ್ರೋಸ್ಕೋಪಿಯಲ್ಲಿ ಕೊಬ್ಬಿನ ಗೆರೆ ಏರಿರುತ್ತದೆ. ಆದರೂ ಕೆಲವು ಸಲ ಟಿಬಿ ಗಂಟು, ಹುಳುವಿನ ಗಂಟು, ಗಡ್ಡೆ ಮೂರೂ ಒಂದೇ ಥರ ಕಾಣುತ್ತವೆ. ಆಗ ಕೆಲವು ವಾರ ಬಿಟ್ಟು ಮತ್ತೆ ಸ್ಕ್ಯಾನ್ ಬರೆಯುತ್ತಾರೆ. ಅದನ್ನು ದುಡ್ಡು ಕೀಳುವ ದಾರಿ ಅಂದುಕೊಳ್ಳಬೇಡಿ.

ಸಿಡಿ ಹಿಡಿದು ಮುಂದಕ್ಕೆ

ಫಿಲಂ ಸಾಲದು. ಸಿಡಿ ಅಥವಾ ಪೆನ್‌ಡ್ರೈವ್ ಕೇಳಿ ಪಡೆಯಿರಿ, ಹೊರಡುವ ಮುಂಚೆ ತೆರೆದುಕೊಳ್ಳುತ್ತದಾ ಅಂತ ನಮ್ಮ ಕಂಪ್ಯೂಟರ್‌ನಲ್ಲೇ ನೋಡಿಸಿ. ಫಿಲಂ ಅನ್ನು ಟ್ಯೂಬ್‌ಲೈಟಿಗೆ ಹಿಡಿದು ಫೋಟೋ ತೆಗೆದು ವಾಟ್ಸಾಪ್‌ನಲ್ಲಿ ಕಳಿಸಿ ‘ಏನಂತೆ ಹೇಳಿ ಸಾರ್’ ಅಂದರೆ ಯಾವ ಡಾಕ್ಟರೂ ಹೇಳಲಾರರು. ಸಿಡಿಯಲ್ಲಿ ನೂರಾರು ಹೋಳು ಇರುತ್ತವೆ, ಬೆಳಕು ಹೆಚ್ಚು ಕಡಿಮೆ ಮಾಡಿ ಅಳತೆ ಹಾಕಿ ನೋಡಬಹುದು.

ಇಲ್ಲಿಂದ ಹೆಚ್ಚಿನವರು ಹೋಗುವುದು ಬೆಂಗಳೂರಿನ ನಿಮ್ಹಾನ್ಸ್‌ಗೆ. ತುರ್ತು ವಿಭಾಗ ಇಡೀ ದಿನ ತೆರೆದಿರುತ್ತದೆ. ಹತ್ತಿರದಲ್ಲೇ ಕಿದ್ವಾಯಿ ಕ್ಯಾನ್ಸರ್ ಆಸ್ಪತ್ರೆ ಇದೆ, ರೇಡಿಯೇಷನ್‌ಗೆ ಅಲ್ಲಿಗೆ ಹೋಗುವವರೂ ಬಹಳ. ಕೆಜಿಎಫ್, ಬಂಗಾರಪೇಟೆ ಕಡೆಯವರು ರೈಲು ಹತ್ತಿ ಕಾಟ್ಪಾಡಿಯಲ್ಲಿ ಇಳಿದು ವೆಲ್ಲೂರಿನ ಸಿಎಂಸಿಗೆ ಹೋಗುತ್ತಾರೆ. ಯಾವುದಾದರೂ ಒಂದು ಕಡೆ ನಿಲ್ಲಿ. ಮೂರು ಆಸ್ಪತ್ರೆ ಸುತ್ತಿ ಮೂರು ಸಲ ಅದೇ ಸ್ಕ್ಯಾನ್ ಮಾಡಿಸಿದವರನ್ನು ಕಂಡಿದ್ದೇನೆ.

ಆಯುಷ್ಮಾನ್ ಭಾರತ್ ಆರೋಗ್ಯ ಕರ್ನಾಟಕದಲ್ಲಿ ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿವರೆಗೆ ಚಿಕಿತ್ಸೆ ಇದೆ. ಎಪಿಎಲ್‌ನವರಿಗೆ ಪ್ಯಾಕೇಜ್ ದರದ 30 ಶೇಕಡಾ, ವರ್ಷಕ್ಕೆ 1.5 ಲಕ್ಷದವರೆಗೆ. ಸರ್ಕಾರಿ ಆಸ್ಪತ್ರೆಯ ರೆಫರಲ್ ಬೇಕು, ತುರ್ತಿದ್ದರೆ ಬೇಡ. ಹೊರರೋಗಿಯಾಗಿ ಮಾಡಿಸುವ ಸ್ಕ್ಯಾನ್ ಅದರಲ್ಲಿ ಬರುತ್ತದಾ ಅಂತ ಆಸ್ಪತ್ರೆಯಲ್ಲಿ ಈ ಯೋಜನೆಯ ಕೆಲಸ ನೋಡುವ ಆರೋಗ್ಯಮಿತ್ರರನ್ನು ದುಡ್ಡು ಕಟ್ಟುವ ಮುಂಚೆ ಕೇಳಿ. ಆಧಾರ್, ರೇಷನ್ ಕಾರ್ಡ್ ಎರಡರ ಮೂಲಪ್ರತಿ ಜೊತೆಗಿರಲಿ.

ಹೆಸರು ಹೇಳುವುದು ತುಣುಕು

ಸ್ಕ್ಯಾನ್ ನೋಡಿ ಬಲವಾದ ಊಹೆ ಮಾಡಬಹುದು. ಗಡ್ಡೆಯ ಹೆಸರು, ಗ್ರೇಡು (ಎಷ್ಟು ಜೋರಿನದು ಅನ್ನುವ ದರ್ಜೆ) ಪಕ್ಕಾ ಆಗುವುದು ತುಣುಕು ತೆಗೆದು ಪರೀಕ್ಷೆ, ಅಂದರೆ ಬಯಾಪ್ಸಿ, ಮಾಡಿದ ಮೇಲೆ. ವಿಶ್ವ ಆರೋಗ್ಯ ಸಂಸ್ಥೆಯ 2021ರ ಪಟ್ಟಿಯಲ್ಲಿ ಗ್ರೇಡ್ 1ರಿಂದ 4ರವರೆಗೆ ಇದೆ, ಜೊತೆಗೆ ಐಡಿಎಚ್‌ನಂಥ ಜೀನ್ ಪರೀಕ್ಷೆಯೂ ಸೇರಿದೆ. ನೋಡಲು ಒಂದೇ ಥರ ಇರುವ ಎರಡು ಗ್ಲಿಯೋಮಾಗಳಲ್ಲಿ ಜೀನ್ ಬೇರೆಯಾದರೆ ಚಿಕಿತ್ಸೆಯೂ ಬೇರೆ, ಮುಂದಿನ ಗತಿಯೂ ಬೇರೆ. ‘ಬಯಾಪ್ಸಿ ಮಾಡಿದ್ರೆ ಹರಡುತ್ತೆ’ ಅನ್ನುವ ಮಾತು ಕೇಳಿ ಹಿಂದೆ ಸರಿಯಬೇಡಿ. ಆಳದ ಗಡ್ಡೆಗೆ ಸ್ಕ್ಯಾನಿನ ಅಳತೆ ಹಿಡಿದು ಸೂಜಿಯಿಂದ ತುಣುಕು ತೆಗೆಯುತ್ತಾರೆ. ಅದಕ್ಕೂ ಅಪಾಯ ಇದೆ. ಎಷ್ಟು ಅಂತ ಸರ್ಜನ್ ಹತ್ತಿರ ನೇರವಾಗಿ ಕೇಳಿ.

ಊತ ಇಳಿಸಲು ಡೆಕ್ಸಾಮೆಥಸೋನ್ ಅನ್ನುವ ಸ್ಟೀರಾಯ್ಡ್ ಔಷಧ ಕೊಡುತ್ತಾರೆ. ಒಂದೇ ದಿನದಲ್ಲಿ ತಲೆನೋವು ಇಳಿಯುತ್ತದೆ, ಗಡ್ಡೆ ವಾಸಿಯಾಯಿತು ಅಂತ ಮನೆಯವರು ಆಸ್ಪತ್ರೆಯನ್ನೇ ಬಿಡುತ್ತಾರೆ. ಇಳಿದಿರುವುದು ಊತ, ಗಡ್ಡೆ ಅಲ್ಲೇ ಇದೆ. ಸಕ್ಕರೆ ಕಾಯಿಲೆಯವರಿಗೆ ಇದು ಸಕ್ಕರೆ ಏರಿಸುತ್ತದೆ. ಲಿಂಫೋಮಾ ಅನ್ನುವ ಜಾತಿಯಲ್ಲಿ ಈ ಔಷಧದಿಂದ ಗಡ್ಡೆ ಸ್ವಲ್ಪ ದಿನ ಕರಗಿ, ಬಯಾಪ್ಸಿಯಲ್ಲಿ ಏನೂ ಸಿಗದಂತೆ ಮಾಡಬಹುದು. ಅದಕ್ಕೇ ಯಾರು, ಯಾವತ್ತಿನಿಂದ, ಎಷ್ಟು ಕೊಟ್ಟರು ಅಂತ ಚೀಟಿ ಇಟ್ಟುಕೊಂಡು ಮುಂದಿನ ಡಾಕ್ಟರಿಗೆ ತೋರಿಸಿ. ತಾವಾಗೇ ಏಕ್‌ದಮ್ ನಿಲ್ಲಿಸಲೂಬೇಡಿ.

ಮಾತು, ಕೈ ಚಲನೆಯ ಜಾಗದ ಹತ್ತಿರ ಗಡ್ಡೆ ಇದ್ದರೆ ಆಪರೇಷನ್‌ಗೆ ಮುಂಚೆ ಫಂಕ್ಷನಲ್ ಎಂಆರ್‌ಐ ಮಾಡುತ್ತಾರೆ. ಒಳಗೆ ಮಲಗಿಸಿ ಬೆರಳು ಆಡಿಸಿ, ಪದ ನೆನಪಿಸಿಕೊಳ್ಳಿ ಅಂತ ಹೇಳಿ, ಯಾವ ಭಾಗ ಕೆಲಸ ಮಾಡುತ್ತಿದೆ ಅಂತ ನೋಡುತ್ತಾರೆ. ನಮ್ಮ ಕಡೆ ಎಷ್ಟೋ ಮನೆಗಳಲ್ಲಿ ಒಳಗೆ ತೆಲುಗು, ಹೊರಗೆ ಕನ್ನಡ. ಮನೆಯಲ್ಲಿ ಯಾವ ಮಾತು ಅಂತ ಟೆಕ್ನಿಷಿಯನ್‌ಗೆ ಮೊದಲೇ ಹೇಳಿ, ಆ ಭಾಷೆಯ ಪದಗಳನ್ನೇ ಕೇಳಲಿ.

ಆಪರೇಷನ್ ಆದ ಮೇಲೂ

ಆಪರೇಷನ್ ಆಗಿ ಒಂದೆರಡು ದಿನಕ್ಕೇ, 72 ಗಂಟೆಯ ಒಳಗೆ, ಮತ್ತೆ ಎಂಆರ್‌ಐ ಬರೆಯುತ್ತಾರೆ. ಇನ್ನೂ ತಲೆಗೆ ಬ್ಯಾಂಡೇಜ್ ಇರುವಾಗ ಯಾಕೆ ಅಂತ ಮನೆಯವರಿಗೆ ಕೋಪ. ತಡ ಮಾಡಿದರೆ ಕತ್ತರಿ ಆಡಿಸಿದ ಜಾಗವೇ ಹೊಳೆಯಲು ಶುರುವಾಗುತ್ತದೆ, ಉಳಿದ ಗಡ್ಡೆ ಯಾವುದು, ಗಾಯ ಯಾವುದು ಅಂತ ತಿಳಿಯುವುದಿಲ್ಲ. ರೇಡಿಯೇಷನ್ ಮುಗಿದ ಮೊದಲ ಮೂರು ತಿಂಗಳಲ್ಲಿ ಸ್ಕ್ಯಾನಿನಲ್ಲಿ ಗಡ್ಡೆ ದೊಡ್ಡದಾದಂತೆ ಕಾಣುವುದೂ ಉಂಟು. ಅದು ಚಿಕಿತ್ಸೆಯಿಂದಾದ ಊತವೇ ಆಗಿರಬಹುದು. ಅಂಥ ರಿಪೋರ್ಟ್ ಓದಿ ಚಿಕಿತ್ಸೆ ಬಿಟ್ಟುಬಿಡಬೇಡಿ. ಪರ್ಫ್ಯೂಷನ್ ಮಾಡಿಸಿ, ಇಲ್ಲವೇ ಇನ್ನೊಂದು ಸ್ಕ್ಯಾನ್‌ವರೆಗೆ ಕಾಯಿಸಿ ತೀರ್ಮಾನಿಸುತ್ತಾರೆ.

ಫಾಲೋಅಪ್ ಸ್ಕ್ಯಾನ್‌ಗಳನ್ನು ಸಾಧ್ಯವಾದಷ್ಟು ಅದೇ ಸೆಂಟರ್‌ನಲ್ಲಿ, ಅದೇ ಮೆಷಿನ್‌ನಲ್ಲಿ ಮಾಡಿಸಿ. ಬೇರೆ ಕಡೆ ಹೋಗಲೇಬೇಕಾದರೆ ಹಿಂದಿನ ಸಿಡಿ, ಬಯಾಪ್ಸಿ ರಿಪೋರ್ಟ್, ಡಿಸ್ಚಾರ್ಜ್ ಸಮ್ಮರಿ ಮೂರನ್ನೂ ಕೌಂಟರಿನಲ್ಲೇ ಕೊಟ್ಟು, ‘ಹಳೇದರ ಜೊತೆ ಹೋಲಿಸಿ ಬರೀರಿ’ ಅಂತ ಹೇಳಿ. ಸಿಡಿಯ ಮೇಲೆ ಹೆಸರು, ದಿನಾಂಕ ಮಾರ್ಕರ್‌ನಲ್ಲಿ ಬರೆದಿರಲಿ, ಒಂದು ಪ್ರತಿ ಮನೆಯಲ್ಲೂ ಇರಲಿ.